ಅಮೂರ್ತ ಚಿತ್ರದಲ್ಲಿ ಬಣ್ಣವೇ ಭಾವವಾಗುವುದು ಹೇಗೆ?

ಪ್ರಶ್ನೆ (ಮಂಡ್ಯದಿಂದ)
ಕಳೆದ ವಾರ ಮೈಸೂರಿನಲ್ಲಿ ಒಂದು ಚಿತ್ರಪ್ರದರ್ಶನ ನೋಡಿದೆ. ದೊಡ್ಡ ಕ್ಯಾನ್ವಾಸೊಂದರಲ್ಲಿ ಕಾವಿ ಬಣ್ಣದ ಮೇಲೆ ಅಗಲವಾದ ಕಪ್ಪು ಪಟ್ಟಿ, ಅದರ ಅಂಚಿಗೆ ತೆಳುವಾದ ಹಳದಿ, ಇಷ್ಟೇ ಇತ್ತು. ಆದರೂ ಅದರ ಮುಂದೆ ನಿಂತಷ್ಟು ಹೊತ್ತೂ ಮನಸ್ಸು ಭಾರವಾಗಿತ್ತು. ಮನುಷ್ಯ, ಮರ, ಮನೆ ಯಾವುದೂ ಇಲ್ಲದ ಚಿತ್ರ ಭಾವವನ್ನು ಹೇಗೆ ಮುಟ್ಟಿಸುತ್ತದೆ? ಕೆಂಪೆಂದರೆ ಕೋಪ, ನೀಲಿಯೆಂದರೆ ಶಾಂತಿ ಎಂಬಂಥ ನಿಯಮವೇನಾದರೂ ಇದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಮೈಸೂರು)
ಇಂಥ ಬಣ್ಣಕ್ಕೆ ಇಂಥ ಭಾವ ಎಂದು ಹೇಳುವ ಪಟ್ಟಿ ನಮ್ಮಲ್ಲಿ ಹಳೆಯದು. ನಾಟ್ಯಶಾಸ್ತ್ರವು ರೌದ್ರ ರಸಕ್ಕೆ ಕೆಂಪನ್ನೂ ಕರುಣ ರಸಕ್ಕೆ ಪಾರಿವಾಳದ ಬೂದು ಬಣ್ಣವನ್ನೂ ಹೇಳುತ್ತದೆ. ಆದರೆ ಅದೇ ಕೆಂಪು ಹಣೆಯ ಕುಂಕುಮದಲ್ಲಿ ಮಂಗಳಕರವಾಗುವುದರಿಂದ ಪಟ್ಟಿಯನ್ನು ನಂಬಿ ಚಿತ್ರ ನೋಡಲಾಗದು. ತಾವು ಮುಂದಿನ ಸಲ ಬಂದಾಗ ಜಗನ್ಮೋಹನ ಅರಮನೆಯಲ್ಲಿರುವ ಕಲಾವಿದ ಹಳದಣಕರ್ ಅವರ ಜಲವರ್ಣ ಚಿತ್ರ, ದೀಪ ಹಿಡಿದ ಹೆಣ್ಣಿನದು, ಅದರ ಮುಂದೆ ಕಣ್ಣನ್ನು ಅರ್ಧ ಮುಚ್ಚಿ ನಿಲ್ಲಿ. ಮೊದಲು ಮುಖ ಕರಗುತ್ತದೆ, ಆಮೇಲೆ ಸೀರೆಯ ನೆರಿಗೆ. ಕೊನೆಗೆ ಉಳಿಯುವುದು ಬೆಚ್ಚನೆಯ ಹೊಳಪು ಮತ್ತು ಅದರ ಸುತ್ತ ಮೆಲ್ಲಗೆ ದಟ್ಟವಾಗುವ ಕತ್ತಲೆ ಮಾತ್ರ. ಆಗಲೂ ಆ ಚಿತ್ರದ ಆಪ್ತತೆ ಕಡಿಮೆಯಾಗುವುದಿಲ್ಲ. ಅಮೂರ್ತ ಕಲಾವಿದ ಹೆಣ್ಣನ್ನು ಬಿಟ್ಟು, ಬೆಳಕು ಕತ್ತಲೆಗಳ ಆ ನಂಟನ್ನಷ್ಟೇ ಉಳಿಸಿಕೊಳ್ಳುತ್ತಾನೆ ಎಂದು ನಾನು ತಿಳಿದಿದ್ದೇನೆ.

ಉತ್ತರ 2 (ಮೈಸೂರು, ಚಿತ್ರ ಬರೆಯುವವನು)
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಬಣ್ಣಕ್ಕಿಂತ ಅಂಚು ಹೆಚ್ಚು ಮುಖ್ಯವೆಂದು ಕೈಯಾರೆ ಕಂಡುಕೊಂಡಿದ್ದೇನೆ. ಒಂದೇ ಕಡುಗೆಂಪನ್ನು ಬಿಳಿಯ ಪಕ್ಕದಲ್ಲಿ ಹಚ್ಚಿದಾಗ ಗಡುಸಾಗಿ ಕಂಡಿತು. ಕಪ್ಪಿನ ಪಕ್ಕದಲ್ಲಿ ಬೂದಿಯೊಳಗಿನ ಕೆಂಡದಂತೆ ಒಳಗಿನಿಂದ ಉರಿಯಿತು. ಅಮೆರಿಕದ ಅಮೂರ್ತ ಚಿತ್ರಕಾರ ಮಾರ್ಕ್ ರಾಥ್ಕೊ (1903–1970) ತೆಳುವಾದ ಬಣ್ಣವನ್ನು ಪದರದ ಮೇಲೆ ಪದರವಾಗಿ ಹಚ್ಚಿ ಅಂಚುಗಳನ್ನು ಮಸುಕಾಗಿಸಿದ್ದರಿಂದಲೇ ಅವರ ಆಯತಗಳು ತೇಲುತ್ತಿರುವಂತೆ, ಉಸಿರಾಡುತ್ತಿರುವಂತೆ ಕಾಣುತ್ತವೆ. ಅದೇ ಬಣ್ಣಗಳನ್ನು ಸ್ಕೇಲ್ ಇಟ್ಟು ಬೇರ್ಪಡಿಸಿದ್ದರೆ ಅವು ಬಾವುಟದಂತೆ ಕಾಣುತ್ತಿದ್ದವು. ನಮ್ಮ ದೇಶದವರೇ ಆದ ಚಿತ್ರಕಾರ ವಿ. ಎಸ್. ಗಾಯತೊಂಡೆ (1924–2001) ರೋಲರ್ ಮತ್ತು ಚಾಕುವಿನಿಂದ ಬಣ್ಣವನ್ನು ಹಚ್ಚಿ, ಕೆರೆದು, ಅಡಿಯ ಪದರದ ಬೆಳಕನ್ನು ಮೇಲಕ್ಕೆ ತರುತ್ತಿದ್ದರು.

ಉತ್ತರ 3 (ಮಂಡ್ಯ)
ಆಕಾರವನ್ನು ಮರೆಯಬಾರದು. ರಷ್ಯಾದ ಅಮೂರ್ತ ಚಿತ್ರಕಾರ ಕ್ಯಾಂಡಿನ್ಸ್ಕಿಯವರು ಹಳದಿ ನೋಡುವವನತ್ತ ಮುನ್ನುಗ್ಗುತ್ತದೆ, ಅದಕ್ಕೆ ಚೂಪಾದ ತ್ರಿಕೋನ ಹೊಂದುತ್ತದೆ, ನೀಲಿ ಒಳಕ್ಕೆ ಸರಿಯುತ್ತದೆ, ಅದಕ್ಕೆ ವೃತ್ತ ಹೊಂದುತ್ತದೆ ಎಂದು ಬರೆದರು. ನಮ್ಮ ದೇಶದ ಚಿತ್ರಕಾರ ಎಸ್. ಎಚ್. ರಝಾ ಅವರ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವ ದುಂಡನೆಯ ಬಿಂದುವಾದರೋ ಮೂಡಿದ್ದು ಬಾಲ್ಯದ ನೆನಪಿನಿಂದ: ಮನಸ್ಸು ನಿಲ್ಲದ ಹುಡುಗನಿಗೆ ಶಾಲೆಯ ಗುರುಗಳು ಗೋಡೆಯ ಮೇಲೆ ಒಂದು ಚುಕ್ಕೆ ಬರೆದು ಅದನ್ನೇ ನೋಡುತ್ತಿರಲು ಹೇಳಿದ್ದರಂತೆ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಕೃತಜ್ಞತೆಗಳು. ಆ ಹಳದಿಯ ಅಂಚು ಕಪ್ಪಿನೊಳಗೆ ಕರಗಿತ್ತೋ, ಗೆರೆ ಕೊರೆದಂತಿತ್ತೋ ನನಗೆ ಈಗ ನೆನಪಾಗುತ್ತಿಲ್ಲ. ಪ್ರದರ್ಶನ ಭಾನುವಾರದವರೆಗೆ ಇದೆ. ಮತ್ತೊಮ್ಮೆ ಹೋಗಿ ಹತ್ತಿರದಿಂದ ನೋಡಿ ಬಂದು ಇಲ್ಲಿಯೇ ಬರೆಯುತ್ತೇನೆ.