ಟಾರ್ ಹಾಕಿದ್ರೆ ಸಾಕಾ, ಫೋಟೊ ಕಳಿಸಿದ್ದು ಯಾರು ಅಂತ ಗೊತ್ತಾಗಲ್ವಾ?

ಕಬ್ಬಿನಗದ್ದೆ:
ಪಾಂಡವಪುರದ ಕಡೆಯವರೊಬ್ಬರ ಪರವಾಗಿ ಕೇಳ್ತಿದ್ದೀನಿ. ಊರ ಪಕ್ಕದ ಕಲ್ಲು ಕ್ವಾರೀಲಿ ರಾತ್ರಿ ಹೊತ್ತು ಬ್ಲಾಸ್ಟ್ ಮಾಡೋದರ ಹನ್ನೆರಡು ಫೋಟೊ, ಒಂದು ವರ್ಡ್ ಫೈಲು ಮೈಸೂರಿನ ವರದಿಗಾರರೊಬ್ಬರಿಗೆ ಸೇರಬೇಕು. ಕಳಿಸಿದವರ ಹೆಸರು ಹೊರಗೆ ಬರಬಾರದು. ಇರೋದು ವಿಂಡೋಸ್ 10ರ ಹಳೇ ಡೆಸ್ಕ್‌ಟಾಪು, 4 ಜಿಬಿ ರ‍್ಯಾಮು, ಜೊತೆಗೊಂದು ಆಂಡ್ರಾಯ್ಡ್ ಫೋನು. ನೆಟ್ಟು ಊರಿನ ಕೇಬಲ್‌ನವರದು, ಅವರಿಗೂ ಕ್ವಾರಿಯವರಿಗೂ ನೆಂಟಸ್ತನ. ಗುರುತು ಮುಚ್ಚಿಡೋ ಟಾರ್ ಬ್ರೌಸರ್ ಒಂದೇ ಸಾಕಾ, ನೆಟ್ಟನ್ನ ಇನ್ನೊಂದು ಕಂಪನಿಯ ಸರ್ವರ್ ಮೂಲಕ ಕಳಿಸೋ ವಿಪಿಎನ್ನೂ ಬೇಕಾ? ಅಲ್ಲದೆ, ಟಾರ್ ಹಾಕಿ ಕನೆಕ್ಟ್ ಒತ್ತಿದ್ರೆ ಗೆರೆ ಸ್ವಲ್ಪ ಮುಂದಕ್ಕೆ ಹೋಗಿ ಅಲ್ಲೇ ನಿಂತ್ಕೊಳುತ್ತೆ.

ಈರುಳ್ಳಿಸಿಪ್ಪೆ:
ಮೊದಲು ಆ ಡೆಸ್ಕ್‌ಟಾಪಿನ ತಾರೀಖು, ಟೈಮು ನೋಡಿ. ಹಳೇ ಮದರ್‌ಬೋರ್ಡಿನ ಸಿಆರ್2032 ಬಟನ್ ಸೆಲ್ ಸತ್ತಿದ್ರೆ ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಬಿದ್ದುಬಿಡುತ್ತೆ. ಟಾರ್‌ನ ರಿಲೇಗಳ (ಸಂದೇಶ ದಾಟಿಸೋ ಕಂಪ್ಯೂಟರುಗಳ) ಪಟ್ಟಿ ಗಂಟೆಗೊಮ್ಮೆ ಹೊಸದಾಗುತ್ತೆ, ಒಂದೊಂದು ಪಟ್ಟಿಗೂ ಆಯಸ್ಸು ಮೂರೇ ಗಂಟೆ. ಗಡಿಯಾರ ತೀರಾ ತಪ್ಪಿದ್ರೆ ಬಂದ ಪಟ್ಟಿಯನ್ನೇ ಅದು ನಂಬಲ್ಲ. ಸೆಲ್ ಬದಲಾಯಿಸಿ. ಟೈಮ್ ಝೋನ್ ಭಾರತದ್ದೇ ಇದೆಯಾ ಅಂತಲೂ ನೋಡಿ. ಗಡಿಯಾರ ಸರಿಯಾಗಿ ಕಂಡರೂ ಝೋನ್ ತಪ್ಪಿದ್ರೆ ಒಳಗೆ ಗಂಟೆಗಟ್ಟಲೆ ವ್ಯತ್ಯಾಸ ಇರುತ್ತೆ.

ಇನ್ನು ಕೇಬಲ್‌ನವರ ವಿಷಯ. ಟಾರ್ ನಿಮ್ಮ ಮಾತನ್ನ ಮೂರು ರಿಲೇ ದಾಟಿಸುತ್ತೆ. ಮೊದಲನೇದಕ್ಕೆ ನಿಮ್ಮ ಐಪಿ, ಅಂದ್ರೆ ನೆಟ್ ವಿಳಾಸ, ಯಾವುದು ಅಂತ ಗೊತ್ತು, ಎಲ್ಲಿಗೆ ಹೊರಟಿದ್ದೀರಿ ಅಂತ ಗೊತ್ತಿಲ್ಲ. ಕೊನೇದಕ್ಕೆ ಸೈಟ್ ಗೊತ್ತು, ನೀವು ಗೊತ್ತಿಲ್ಲ. ಹಾಗಾಗಿ ಯಾವ ಮೇಲ್ ತೆಗೆದ್ರಿ ಅನ್ನೋದು ಕೇಬಲ್‌ನವರಿಗೆ ಕಾಣಲ್ಲ. ಆದರೆ "ಈ ಮನೇಲಿ ಟಾರ್ ಓಡ್ತಾ ಇದೆ" ಅನ್ನೋದು ಕಾಣುತ್ತೆ, ಊರಿಗೆಲ್ಲ ಟಾರ್ ಬಳಸೋರು ನೀವೊಬ್ಬರೇ ಆದರೆ ಅಷ್ಟೇ ಸಾಕು. 2013ರ ಡಿಸೆಂಬರಿನಲ್ಲಿ ಹಾರ್ವರ್ಡ್‌ನ ವಿದ್ಯಾರ್ಥಿಯೊಬ್ಬ ಟಾರ್ ಮೂಲಕ ಬಾಂಬ್ ಬೆದರಿಕೆ ಮೇಲ್ ಕಳಿಸಿ ಸಿಕ್ಕಿಬಿದ್ದದ್ದು ಹೀಗೇ. ಟಾರ್ ಒಡೆದು ಹಿಡಿದಿದ್ದಲ್ಲ, ಆ ಹೊತ್ತಲ್ಲಿ ಕ್ಯಾಂಪಸ್ ವೈಫೈನಲ್ಲಿ ಟಾರ್ ಬಳಸಿದವರು ಯಾರು ಅಂತ ನೋಡಿದ್ರು, ವಿಚಾರಿಸಿದಾಗ ಒಪ್ಪಿಕೊಂಡ.

ಅದಕ್ಕೆ ಬ್ರಿಡ್ಜ್ ಹಾಕಿ, ಅಂದ್ರೆ ಟಾರ್ ಬಳಸ್ತಿರೋದನ್ನೇ ಮರೆಮಾಡೋ ದಾರಿ. ಸೆಟ್ಟಿಂಗ್ಸ್‌ನ ಕನೆಕ್ಷನ್ ಭಾಗದಲ್ಲಿ ಸ್ನೋಫ್ಲೇಕ್ ಆರಿಸಿ, ಹೊರಗಿನಿಂದ ನೋಡೋರಿಗೆ ಅದು ವಿಡಿಯೊ ಕಾಲ್ ಥರ ಕಾಣುತ್ತೆ. ಒಬಿಎಫ್‌ಎಸ್4 ಅನ್ನೋ ಇನ್ನೊಂದು ಥರದ ಬ್ರಿಡ್ಜ್ ಆರಿಸೋದಾದ್ರೆ ಬ್ರೌಸರಿನ ಜೊತೆಗೇ ಬರೋ ವಿಳಾಸಗಳು ಬೇಡ, ಅವು ಎಲ್ಲರ ಕೈಲೂ ಇವೆ. ಅಲ್ಲೇ ಹೊಸ ಬ್ರಿಡ್ಜ್ ಕೇಳಿ ಪಡೀರಿ.

ಉಚಿತಸಲಹೆ:
ಇಷ್ಟೆಲ್ಲ ಯಾಕೆ ಗುರು? ಪ್ಲೇಸ್ಟೋರಲ್ಲಿ ಒಂದು ಫ್ರೀ ವಿಪಿಎನ್ ಹಾಕ್ಕೊಂಡು ಜಿಮೇಲಲ್ಲಿ ಕಳ್ಸು, ಆಯ್ತು.

ಸಾವಿರಮೆಟ್ಟಿಲು:
ಬೇಡ ಕಣಣ್ಣ. ವಿಪಿಎನ್ ಅಂದ್ರೆ ಕೇಬಲ್‌ನವರ ಮೇಲಿದ್ದ ನಂಬಿಕೆಯನ್ನ ಎತ್ತಿ ಇನ್ನೊಬ್ಬನ ಕೈಗೆ ಕೊಟ್ಟ ಹಾಗೆ, ಅವನಿಗೆ ನಿಮ್ಮ ಐಪಿಯೂ ಗೊತ್ತು, ಸೈಟೂ ಗೊತ್ತು. 2022ರ ಏಪ್ರಿಲ್ 28ರ, ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್‌-ಇನ್ ಆದೇಶದ ಪ್ರಕಾರ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಐಪಿ ಐದು ವರ್ಷ ಇಟ್ಕೋಬೇಕು. ಹಲವು ಕಂಪನಿಗಳು ಭಾರತದ ಸರ್ವರ್ ಕಿತ್ತುಕೊಂಡು ಹೋದದ್ದು ಅದಕ್ಕೇ. ಇನ್ನು ಸ್ವಂತ ಜಿಮೇಲಿಗೆ ಲಾಗಿನ್ ಆದಮೇಲೆ ಮುಚ್ಚಿಡೋಕೆ ಏನು ಉಳೀತು?

ಮೈಸೂರಿಗೆ ಬಂದು ಸೈಬರ್ ಸೆಂಟರಲ್ಲಿ ಕಳಿಸ್ತೀನಿ ಅಂತಲೂ ಯೋಚಿಸಬೇಡಿ. 2011ರ ನಿಯಮದ ಪ್ರಕಾರ ಅಲ್ಲಿ ಐಡಿ ತೋರಿಸಬೇಕು, ಅವರು ದಾಖಲೆ ಕನಿಷ್ಠ ಒಂದು ವರ್ಷ ಇಡಬೇಕು.

ನನಗೆ ಟಾರ್‌ಗಿಂತ ಆ ಫೋಟೊಗಳದ್ದೇ ಭಯ. ಜಿಪಿಎಸ್, ಫೋನ್ ಮಾಡೆಲ್ಲು, ತೆಗೆದ ಸೆಕೆಂಡು ಎಲ್ಲ ಫೈಲಿನೊಳಗೇ ಕೂತಿರುತ್ತೆ. ವಾಟ್ಸಾಪಲ್ಲಿ ಫೋಟೊ ಆಗಿ ಕಳಿಸಿದ್ರೆ ಅಳಿಸಿಹೋಗುತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿದ್ರೆ ಹಾಗೇ ಹೋಗುತ್ತೆ. ಫೈಲ್ ಹೆಸರಲ್ಲೂ ತಾರೀಖು ಟೈಮು ಇರುತ್ತೆ, ಒಂದು ಎರಡು ಮೂರು ಅಂತ ಬದಲಾಯಿಸಿ. ಗೂಗಲ್ ಫೋಟೋಸ್ ಬ್ಯಾಕಪ್ ಆನ್ ಇದ್ರೆ ಒಂದು ಪ್ರತಿ ಆಗಲೇ ಫೋಟೊ ತೆಗೆದವರ ಗೂಗಲ್ ಅಕೌಂಟಲ್ಲಿದೆ ಅಂತ ತಿಳ್ಕೊಳ್ಳಿ.

ಇಷ್ಟೆಲ್ಲ ಒರೆಸಿದ ಮೇಲೂ ಫೋಟೊ ಮೂಲೇಲಿ ಒಂದು ಪಂಪ್‌ಸೆಟ್ ಮನೆ, ಎರಡು ತೆಂಗಿನಮರ ಬಿದ್ದಿದ್ರೆ, ಯಾರ ಹೊಲದ ಬದುವಿನ ಮೇಲೆ ನಿಂತು ತೆಗೆದದ್ದು ಅಂತ ಊರಿನ ಚಿಕ್ಕ ಹುಡುಗರೂ ಹೇಳ್ತಾರೆ. ಆ ಭಾಗ ಕತ್ತರಿಸಿ. ಮಸುಕು ಮಾಡಬೇಡಿ, ಕತ್ತರಿಸಿಯೇ ಬಿಡಿ. ವರ್ಡ್ ಫೈಲಿನ ಪ್ರಾಪರ್ಟೀಸಲ್ಲಿ ಕಂಪ್ಯೂಟರಿನ ಯೂಸರ್ ಹೆಸರು ಇರುತ್ತೆ, ಬರಹವನ್ನ ನೇರ ಇಮೇಲಿಗೇ ಹಾಕೋದು ಒಳ್ಳೇದು. ತಾಲ್ಲೂಕು ಆಫೀಸಿಗೆ ಮೊದಲೇ ಒಂದು ಅರ್ಜಿ ಕೊಟ್ಟಿದ್ರೆ ಅದೇ ಒಕ್ಕಣೆ ಇಳಿಸಬೇಡಿ.

ಜಿಪಿಎಸ್ ತೆಗೆದ್ರೆ ಜಾಗ, ದಿನಕ್ಕೆ ಸಾಕ್ಷಿಯೂ ಹೋಗುತ್ತೆ. ಅವೆರಡನ್ನೂ ಇಮೇಲಲ್ಲಿ ಬರೆದು, ಮೂಲ ಫೋಟೊಗಳನ್ನ ಮೆಮೊರಿ ಕಾರ್ಡಿಗೆ ಹಾಕಿ ಬೇರೆ ಕಡೆ ಇಡಿ.

ಕಬ್ಬಿನಗದ್ದೆ:
ತಾರೀಖು 2009 ತೋರಿಸ್ತಿತ್ತು! ಸೆಲ್ ಹಾಕಿದ್ಮೇಲೆ ಸ್ನೋಫ್ಲೇಕಲ್ಲೇ ಕನೆಕ್ಟ್ ಆಯ್ತು. ಫೋಟೊ ಒಂದೊಂದೂ 4 ಎಂಬಿ ಇದೆ, ಹೇಗೆ ಕಳಿಸೋದು? ಜಾಹೀರಾತು ತಡೆಯೋ ಯುಬ್ಲಾಕ್ ಹಾಕ್ಲಾ?

ಈರುಳ್ಳಿಸಿಪ್ಪೆ:
ಯುಬ್ಲಾಕ್ ದಿನನಿತ್ಯದ ಫೈರ್‌ಫಾಕ್ಸಿಗೆ ಇರಲಿ, ಅಲ್ಲಿ ಅದಕ್ಕಿಂತ ಒಳ್ಳೇದಿಲ್ಲ. ಟಾರ್ ಬ್ರೌಸರಿಗೆ ಯಾವ ಎಕ್ಸ್‌ಟೆನ್ಶನ್ನೂ ಬೇಡ. ಎಲ್ಲರ ಬ್ರೌಸರ್ರೂ ಒಂದೇ ಥರ ಕಾಣೋದೇ ಅದರ ಬಲ, ನೀವೊಂದು ಸೇರಿಸಿದ್ರೆ ಗುಂಪಿನಲ್ಲಿ ನೀವೇ ಎದ್ದು ಕಾಣ್ತೀರಿ.

12 ಫೋಟೊಗೆ 48 ಎಂಬಿ ಆಗುತ್ತೆ, ಒಂದು ಇಮೇಲಿನ ಮಿತಿ ಸಾಮಾನ್ಯವಾಗಿ 25 ಎಂಬಿ. ಕತ್ತರಿಸಿದ ಮೇಲೆ ಚಿಕ್ಕದಾಗುತ್ತೆ, ಇಲ್ಲದಿದ್ರೆ ಎರಡು ಮೂರು ಮೇಲ್ ಮಾಡಿ. ಅಪ್‌ಲೋಡ್ ನಿಧಾನ, ಅರ್ಧಕ್ಕೇ ನಿಂತರೆ ಬೇಸರ ಬೇಡ. ಹೊಸ ಮೇಲ್ ಅಕೌಂಟನ್ನ ಟಾರ್ ಒಳಗೇ ತೆರೀರಿ. ಫೋನ್ ನಂಬರ್ ಕೇಳಿದ್ರೆ ಆ ಕಂಪನಿ ಬಿಟ್ಟು ಬೇರೆ ಕಡೆ ನೋಡಿ, ಇಲ್ಲಿ ಸಿಮ್ ಅಂದ್ರೆ ಕೆವೈಸಿ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ. 8 ಜಿಬಿ ಪೆನ್‌ಡ್ರೈವಿಗೆ ಟೇಲ್ಸ್ ಅನ್ನೋ, ಟಾರ್ ಮೂಲಕವೇ ನೆಟ್ ಬಳಸೋ ಆಪರೇಟಿಂಗ್ ಸಿಸ್ಟಂ ಹಾಕಿ ಅದರಿಂದ ಬೂಟ್ ಮಾಡಿದ್ರೆ ಇನ್ನೂ ಒಳ್ಳೇದು, 4 ಜಿಬಿ ರ‍್ಯಾಮಲ್ಲಿ ಓಡುತ್ತೆ. ಫೋಟೊ ಒರೆಸೋಕೆ ಮೆಟಾಡೇಟಾ ಕ್ಲೀನರ್ ಅದರಲ್ಲೇ ಇದೆ, ಆಫ್ ಮಾಡಿದ್ರೆ ಕಂಪ್ಯೂಟರಲ್ಲಿ ಏನೂ ಉಳಿಯಲ್ಲ.

ಸಾವಿರಮೆಟ್ಟಿಲು:
ಬ್ಲಾಸ್ಟ್ ಆದ ರಾತ್ರೀನೇ ಕಳಿಸಬೇಡಿ, ನಾಲ್ಕು ದಿನ ಬಿಡಿ. ವರದಿಗಾರರು ಉತ್ತರ ಬರೆದ್ರಾ ಅಂತ ಫೋನಿನ ಕ್ರೋಮಲ್ಲಿ ಆ ಮೇಲ್ ಒಂದೇ ಒಂದು ಸಲ ತೆಗೆದರೂ ಮನೆ ಐಪಿ ಅಲ್ಲಿ ದಾಖಲಾಗುತ್ತೆ.