ಹಳೇ ಊರಿನ ಚಂದದ ಗಿಫ್ಟ್ ಅಂಗಡಿ: ಏನು ನೋಡಿ ಕೊಳ್ಳಬೇಕು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಹಳೇ ಕೋಟೆ, ಕಲ್ಲು ಹಾಸಿದ ಬೀದಿ ಇರುವ ಸಣ್ಣ ಊರುಗಳಿಗೆ ಹೋದರೆ ಒಂದು ಮುದ್ದಾದ ಗಿಫ್ಟ್ ಅಂಗಡಿ ಕಣ್ಣಿಗೆ ಬಿದ್ದೇ ಬೀಳುತ್ತದೆ. ಒಳಗೆ ಕಾಲಿಟ್ಟರೆ ಎಲ್ಲವೂ ಬೇಕು ಅನ್ನಿಸುತ್ತದೆ. ಯಾವುದು ಆ ಊರಿನವರೇ ಮಾಡಿದ್ದು, ಯಾವುದು ಎಲ್ಲಿಂದಲೋ ತರಿಸಿ ಇಟ್ಟಿದ್ದು ಅಂತ ಕಂಡುಹಿಡಿಯುವುದು ಹೇಗೆ? ಒಡೆಯದ ಹಾಗೆ ಮನೆಗೆ ತರುವುದು ಹೇಗೆ? ಅನುಭವ ಇದ್ದವರು ಹೇಳಿ.

ಉತ್ತರ:
ಇಂಥ ಅಂಗಡಿಯಲ್ಲಿ ಅರ್ಧ ಮೋಡಿ ಕಟ್ಟಡದ್ದೇ. ಮರದ ತೊಲೆ, ಹಳದಿ ದೀಪ, ಬಾಗಿಲು ತಳ್ಳಿದರೆ ಟಿಣ್ ಅನ್ನುವ ಗಂಟೆ. ಅದೇ ಬಟ್ಟಲು ಟ್ಯೂಬ್‌ಲೈಟ್ ಕೆಳಗೆ ಇದ್ದಿದ್ದರೆ ಕೈಗೆ ಎತ್ತಿಕೊಳ್ಳುತ್ತಿದ್ದೆವಾ ಅಂತ ಒಮ್ಮೆ ಯೋಚಿಸಿ. ನಾನಂತೂ ಅಂಗಡಿಯವರನ್ನು ಕೇಳಿ ವಸ್ತುವನ್ನು ಬಾಗಿಲ ಹತ್ತಿರ, ಹಗಲು ಬೆಳಕಿಗೆ ತಂದು ನೋಡುತ್ತೇನೆ. ಬೇಡ ಅನ್ನುವವರು ಕಡಿಮೆ.

ಆಮೇಲೆ ತಿರುಗಿಸಿ ತಳ ನೋಡಿ. ಊದಿ ಮಾಡಿದ ಗಾಜಾದರೆ ತಳದ ನಡುವೆ ಒಂದು ಗಾಯದ ಗುರುತು ಇರುತ್ತದೆ, ಬಿಸಿ ಗಾಜನ್ನು ಹಿಡಿದಿದ್ದ ಸಲಾಕೆಯಿಂದ ಬಿಡಿಸಿದ ಜಾಗ ಅದು. ಉಜ್ಜಿ ನುಣುಪು ಮಾಡಿದ್ದರೂ ಹೆಬ್ಬೆರಳು ಆಡಿಸಿದರೆ ಸಣ್ಣ ಕುಳಿ ಸಿಗುತ್ತದೆ. ಯಂತ್ರದಲ್ಲಿ ಅಚ್ಚೊತ್ತಿದ ಗಾಜಿನ ಪಕ್ಕದಲ್ಲಿ ಮೇಲಿಂದ ಕೆಳಗೆ ತೆಳುವಾದ ಗೆರೆ ಇರುತ್ತದೆ, ಅಚ್ಚಿನ ಎರಡು ಹೋಳು ಕೂಡಿದ ಜಾಗ. ಮಣ್ಣಿನ ಬಟ್ಟಲಾದರೆ ತಳದ ಸಹಿಯೊಂದನ್ನೇ ನಂಬಬೇಡಿ, ಸಹಿಯನ್ನೂ ಅಚ್ಚು ಹಾಕುತ್ತಾರೆ. ಒಳಗೆ ಬೆರಳು ಹಾಕಿ ನೋಡಿ, ಚಕ್ರದ ಮೇಲೆ ಎತ್ತಿದ್ದಾದರೆ ಕುಂಬಾರರ ಬೆರಳು ಎಳೆದ ಸುತ್ತುಗೆರೆ ಎಷ್ಟೋ ಸಲ ಕೈಗೆ ತಿಳಿಯುತ್ತದೆ.

ಹಿತ್ತಾಳೆ ಅಂತ ಹೇಳಿ ಮಾರುವ ವಸ್ತುಗಳಿಗೆ ಒಂದು ಚಿಕ್ಕ ಮ್ಯಾಗ್ನೆಟ್ ಸಾಕು. ಅಂಟಿಕೊಂಡರೆ ಒಳಗಿರುವುದು ಕಬ್ಬಿಣ, ಮೇಲೆ ಬರೀ ಲೇಪ. ಬೆಳ್ಳಿ ಅಂದರೆ 925 ಅನ್ನುವ ಗುರುತು ಹುಡುಕಿ, ನೂರರಲ್ಲಿ 92.5 ಪಾಲು ಬೆಳ್ಳಿ ಅಂತ ಅದರ ಲೆಕ್ಕ.

ಉತ್ತರ:
ಮೇಲೆ ಹೇಳಿದ್ದಕ್ಕೆ ಬಣ್ಣದ ಕೆಲಸವನ್ನೂ ಸೇರಿಸಿಕೊಳ್ಳಿ. ಕೈಯಲ್ಲಿ ಬಿಡಿಸಿದ್ದು ಅಂತ ಹೇಳಿದರೆ ಒಂದೇ ಚಿತ್ರ ಇರುವ ಎರಡು ತಟ್ಟೆ ಪಕ್ಕಪಕ್ಕ ಇಟ್ಟು ನೋಡಿ. ಎಲೆಯ ತುದಿ, ಹೂವಿನ ಬಳುಕು ಕೂದಲೆಳೆಯಷ್ಟೂ ಬದಲಾಗದೆ ಇದ್ದರೆ ಅದು ಪ್ರಿಂಟ್. ಫೋನ್ ಕ್ಯಾಮೆರಾ ಜೂಮ್ ಮಾಡಿದರೆ ಪ್ರಿಂಟಿನಲ್ಲಿ ಸಾಮಾನ್ಯವಾಗಿ ಸಣ್ಣ ಚುಕ್ಕಿಗಳು ಕಾಣಿಸುತ್ತವೆ, ಕುಂಚದ ಗೆರೆಯಾದರೆ ಒಂದು ಕಡೆ ಬಣ್ಣ ದಪ್ಪ, ಇನ್ನೊಂದು ಕಡೆ ತೆಳು. ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ಊರಿನ ನೀಲಿ-ಬಿಳಿ ತಟ್ಟೆಗಳು ಇದಕ್ಕೆ ಒಳ್ಳೇ ಉದಾಹರಣೆ. ಚೀನಾದ ಪಿಂಗಾಣಿಯ ಮೇಲಿನ ಆಸೆಗೆ 17ನೇ ಶತಮಾನದಲ್ಲಿ ಬೆಳೆದ ಕಸುಬು ಅದು. ಇವತ್ತು ಅಲ್ಲಿ ಕೈಯಲ್ಲಿ ಬಿಡಿಸಿದ್ದೂ ಸಿಗುತ್ತದೆ, ಅಗ್ಗದ ಪ್ರಿಂಟೂ ಸಿಗುತ್ತದೆ, ಬಣ್ಣ ಮಾತ್ರ ಎರಡರದ್ದೂ ಒಂದೇ ನೀಲಿ.

ವೆನಿಸ್ ಹತ್ತಿರದ ಮುರಾನೊ ದ್ವೀಪದಲ್ಲೂ ಹೀಗೇ. ಬೆಂಕಿ ಅನಾಹುತದ ಭಯಕ್ಕೆ 1291ರಲ್ಲಿ ವೆನಿಸ್‌ನ ಗಾಜಿನ ಕುಲುಮೆಗಳನ್ನೆಲ್ಲ ಆ ದ್ವೀಪಕ್ಕೆ ಕಳಿಸಿದರು. ಆ ಹೆಸರಿಗೆ ಎಷ್ಟು ಬೆಲೆ ಬಂತು ಅಂದರೆ ಬೇರೆ ಕಡೆಯ ಗಾಜನ್ನೂ ಅದೇ ಹೆಸರು ಹೇಳಿ ಮಾರುತ್ತಾರೆ. ಅದಕ್ಕೇ 'ವೆತ್ರೊ ಆರ್ತಿಸ್ತಿಕೊ ಮುರಾನೊ' ಅನ್ನುವ ಅಧಿಕೃತ ಗುರುತು ಬಂದಿದೆ. ಆ ಸ್ಟಿಕ್ಕರ್ ಇಲ್ಲದ ಅಸಲಿ ಕುಲುಮೆಗಳೂ ಇವೆ, ಆಗ ಯಾವ ಕುಲುಮೆ ಅಂತ ಬಿಲ್ಲಿನಲ್ಲಿ ಬರೆದು ಕೊಡಿ ಅನ್ನಿ. ಬರೆಯಲು ಹಿಂದೆಮುಂದೆ ನೋಡಿದರೆ ಉತ್ತರ ಸಿಕ್ಕ ಹಾಗೇ ಅಲ್ವಾ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಮಗಳಿಗೆ ಅಲ್ಲಾಡಿಸಿದರೆ ಹಿಮ ಬೀಳುವ ಗಾಜಿನ ಗೋಳ ಬೇಕಂತೆ. ಅದನ್ನು ಕೈಚೀಲದಲ್ಲಿ ತರಬಹುದಾ?

ಉತ್ತರ:
ಹುಷಾರು, ಅದರೊಳಗೆ ಇರುವುದು ನೀರು. ವಿಮಾನದ ಕೈಚೀಲಕ್ಕೆ ಸಾಮಾನ್ಯವಾಗಿ 100 ಮಿಲಿ ಮಿತಿ ಇರುತ್ತದೆ. ಗೋಳದ ಮೇಲೆ ಎಷ್ಟು ನೀರಿದೆ ಅಂತ ಬರೆದಿರುವುದಿಲ್ಲ, ತಪಾಸಣೆಯಲ್ಲಿ ವಾದ ಮಾಡಿ ಪ್ರಯೋಜನ ಇಲ್ಲ. ದೊಡ್ಡ ಸೂಟ್‌ಕೇಸಿಗೆ ಹಾಕಿ, ಸುತ್ತ ಪ್ಲಾಸ್ಟಿಕ್ ಚೀಲ ಬಿಗಿಯಾಗಿ ಕಟ್ಟಿ. ಅಂದಹಾಗೆ ಇದರ ಕಥೆ ಮಗಳಿಗೆ ಹೇಳಿ. 1900ರ ಸುಮಾರಿಗೆ ವಿಯೆನ್ನಾದಲ್ಲಿ ಎರ್ವಿನ್ ಪೆರ್ಟ್ಸಿ ಅನ್ನುವವರು ಆಪರೇಷನ್ ಕೋಣೆಯ ದೀಪಕ್ಕೆ ಬೆಳಕು ಹೆಚ್ಚಿಸಲು ಏನೇನೋ ಮಾಡುತ್ತಿದ್ದರು. ನೀರು ತುಂಬಿದ ಗಾಜಿನ ಗೋಳಕ್ಕೆ ಹಾಕಿದ ರವೆ ಮೆಲ್ಲಗೆ ಕೆಳಗಿಳಿಯುವುದು ಹಿಮ ಬಿದ್ದ ಹಾಗೆ ಕಂಡಿತಂತೆ. ಅವರ ಮನೆತನದವರು ಇಂದಿಗೂ ಅದನ್ನೇ ಮಾಡುತ್ತಿದ್ದಾರೆ.

ಪ್ಯಾಕಿಂಗ್ ಬಗ್ಗೆ ಕೇಳಿದಿರಲ್ಲ. ಬಟ್ಟಲಿನ ಹೊರಗೆ ಸುತ್ತುವುದನ್ನು ಎಲ್ಲರೂ ಮಾಡುತ್ತಾರೆ, ಒಳಗೆ ತುಂಬುವುದನ್ನು ಮರೆಯುತ್ತಾರೆ. ಕಾಲುಚೀಲ ಸುರುಳಿ ಮಾಡಿ ಒಳಗೆ ಒತ್ತಿ. ಹಿಡಿಕೆ, ಮೂತಿ ಇದ್ದರೆ ಅವಕ್ಕೆ ಬೇರೆ ಸುತ್ತು. ತಟ್ಟೆಗಳನ್ನು ಮಲಗಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿ. ಸೂಟ್‌ಕೇಸಿನ ನಡುವೆ ಇರಲಿ, ಗೋಡೆಗೆ ತಾಗಬಾರದು.

ಉತ್ತರ:
ಇಷ್ಟೆಲ್ಲ ಪರೀಕ್ಷೆ ಸರಿ, ಆದರೆ ಬೆಳಿಗ್ಗೆ ಅಂಗಡಿ ತೆಗೆದ ಹೊತ್ತಿಗೆ ಹೋಗಿ ಮಾರಾಯ್ರೇ. ಟೂರ್ ಬಸ್ ಬಂದ ಮೇಲೆ ಗಲ್ಲಾದ ಹತ್ತಿರ ಇರುವವರಿಗೆ ತಲೆ ಎತ್ತಲೂ ಪುರುಸೊತ್ತು ಇರುವುದಿಲ್ಲ. ಖಾಲಿ ಇದ್ದಾಗ "ಇದನ್ನು ಮಾಡಿದವರು ಯಾರು?" ಅಂತ ಸುಮ್ನೆ ಕೇಳಿ. ಗೊತ್ತಿದ್ದವರು ಹೆಸರು, ಬೀದಿ, ಅವರ ಮೂಗಿನ ತುದಿಯ ಕೋಪದವರೆಗೂ ಹೇಳುತ್ತಾರೆ. ಇಲ್ಲದವರು "ಎಲ್ಲಾ ಲೋಕಲ್ ಸಾರ್" ಅನ್ನುತ್ತಾರೆ. ಹಾಗಂತ ತರಿಸಿ ಮಾರುವುದು ಪಾಪವೇನಲ್ಲ, ಫ್ರಿಡ್ಜಿಗೆ ಅಂಟಿಸುವ ಮ್ಯಾಗ್ನೆಟ್ಟಿಗೆ ವಂಶಾವಳಿ ಯಾರಿಗೆ ಬೇಕು? ಕೈಕೆಲಸದ ಬೆಲೆ ಕೇಳಿದಾಗ ಮಾತ್ರ ಇವೆಲ್ಲ ಲೆಕ್ಕಕ್ಕೆ ಬರುತ್ತದೆ.

ಉತ್ತರ:
ಯಾರೂ ಹೇಳದ ಎರಡು ವಿಷಯ. ದಂತ, ಆಮೆಚಿಪ್ಪು, ಹವಳ ಎಷ್ಟೇ ಹಳೆಯದು ಅಂದರೂ ಮುಟ್ಟಲು ಹೋಗಬೇಡಿ. ಅಂಗಡಿಯಲ್ಲಿ ಮಾರಾಟಕ್ಕಿದೆ ಅಂದ ಮಾತ್ರಕ್ಕೆ ಗಡಿ ದಾಟಿಸಬಹುದು ಅಂತಲ್ಲ, ಸಿಕ್ಕಿಬಿದ್ದರೆ ಜಪ್ತಿಯ ಜೊತೆ ದಂಡವೂ ಬೀಳಬಹುದು. ಮರ, ಹುಲ್ಲು, ಬೀಜದಿಂದ ಮಾಡಿದ ವಸ್ತುವಾದರೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಂಥ ದೇಶಕ್ಕೆ ಹೋಗುವಾಗ ಫಾರ್ಮಿನಲ್ಲಿ ತಿಳಿಸಲೇಬೇಕು.

ಇನ್ನೊಂದು, ಹಳೇ ಕಾಲದ ಅಥವಾ ಕೈಯಲ್ಲಿ ಬಣ್ಣ ಹಚ್ಚಿದ ತಟ್ಟೆ-ಲೋಟ ಕೊಂಡರೆ ಊಟಕ್ಕೆ ಬಳಸಬಹುದಾ ಅಂತ ಕೇಳಿ. ಕೆಲವು ಮೆರುಗಿನಲ್ಲಿ ಸೀಸ ಇರುತ್ತದೆ, ಹುಳಿ ಪದಾರ್ಥ ಹಾಕಿದರೆ ಅದು ಬಿಟ್ಟುಕೊಳ್ಳುತ್ತದೆ. ಗೋಡೆಗೆ ಮಾತ್ರ ಅಂದರೆ ಗೋಡೆಗೇ ಹಾಕಿ.