ಅಮಾಲಾಗೆ ಟಿಬೆಟ್‌ಗೆ ಮರಳುವ ಹಕ್ಕು ಇನ್ನೂ ಇದೆಯಾ? ಮಗ ಭಾರತದ ಪೌರನಾದರೆ ಅದು ಹೋಗುತ್ತಾ?

ಪಿರಿಯಾಪಟ್ಟಣದವನು:

ಎಲ್ಲರಿಗೂ ನಮಸ್ಕಾರ. ನಮ್ಮೂರು ಬೈಲಕುಪ್ಪೆ ಪಕ್ಕದಲ್ಲೇ. ಟ್ರ್ಯಾಕ್ಟರ್ ಇಟ್ಟುಕೊಂಡಿದ್ದೇನೆ. ಮುಸುಕಿನ ಜೋಳ ಬಿತ್ತುವ ಕಾಲಕ್ಕೆ ಟಿಬೆಟಿಯನ್ ಕ್ಯಾಂಪಿನಲ್ಲಿ ಉಳುಮೆಗೆ ಹೋಗುತ್ತೇನೆ. ಅಲ್ಲಿ ಒಂದು ಮನೆಯವರ ಜೊತೆ ನಮ್ಮಪ್ಪನ ಕಾಲದಿಂದಲೂ ಹೋಗಿಬರುವುದು ಇದೆ. ಆ ಮನೆಯ ಮಗ ನನ್ನ ಓರಗೆಯವನು, 1984ರಲ್ಲಿ ಕ್ಯಾಂಪಿನಲ್ಲೇ ಹುಟ್ಟಿದವನು. ಅವನ ತಾಯಿಯನ್ನು ನಾನೂ ಅಮಾಲಾ ಅಂತಲೇ ಕರೆಯುತ್ತೇನೆ. ಅವರ ಮಾತಿನಲ್ಲಿ ಅಮ್ಮ ಅಂತ.

1959ರಲ್ಲಿ ಹಿಮದ ಗುಡ್ಡ ದಾಟಿ ಬಂದಾಗ ಅಮಾಲಾಗೆ ಏಳು ವರ್ಷ. ಮೊದಲು ಉತ್ತರದಲ್ಲಿ ರಸ್ತೆ ಕೆಲಸದವರ ಡೇರೆಯಲ್ಲಿದ್ದರಂತೆ. ಆಗಿನ ಮೈಸೂರು ಸರ್ಕಾರ ಇಲ್ಲಿ ಸುಮಾರು 3000 ಎಕರೆ ಜಾಗ ಕೊಟ್ಟ ಮೇಲೆ ಇಲ್ಲಿಗೆ ಬಂದರು. ಆಗ ಇದೆಲ್ಲ ಕಾಡು. ಮರ ಕಡಿದು, ಆನೆ ಕಾದು ಹೊಲ ಮಾಡಿದವರು ಅವರು.

ಹೋದ ವಾರ ಮಗ ಭಾರತದ ಪಾಸ್‌ಪೋರ್ಟ್ ಮಾಡಿಸುವ ವಿಷಯ ಎತ್ತಿದ. ಅಮಾಲಾ ಮಾತಾಡಲಿಲ್ಲ. ಒಳಗೆ ಹೋಗಿ ತಮ್ಮ ಆರ್‌ಸಿ ಪುಸ್ತಕ, ಅಂದರೆ ಇಲ್ಲಿರುವ ಟಿಬೆಟಿಯನ್ನರಿಗೆ ಸರ್ಕಾರ ಕೊಡುವ ನೋಂದಣಿ ಪತ್ರ, ತಂದರು. ತೊಳೆದು ಒಣಗಿಸಿದ ಹಾಲಿನ ಕವರಿನಲ್ಲಿ ಸುತ್ತಿಟ್ಟಿದ್ದರು. ರಾಷ್ಟ್ರೀಯತೆ ಟಿಬೆಟಿಯನ್ ಅಂತ ಇರುವ ಸಾಲಿನ ಮೇಲೆ ಬೆರಳಿಟ್ಟು ಮಗನಿಗೆ ಕನ್ನಡದಲ್ಲೇ ಕೇಳಿದರು, ನನಗೂ ಅರ್ಥ ಆಗಲಿ ಅಂತ. "ನೀನು ಇದನ್ನ ವಾಪಸ್ ಕೊಟ್ರೆ, ನಾವು ಊರಿಗೆ ಹೋಗೋರು ಅಂತ ಯಾರು ನಂಬ್ತಾರೆ?"

ನನಗೆ ಉತ್ತರ ಗೊತ್ತಿರಲಿಲ್ಲ. ತಿಳಿದವರು ಹೇಳಿ.

ಮೈಸೂರು ವಕೀಲೆ:

ಮೊದಲು ಮಗನ ವಿಷಯ. 26 ಜನವರಿ 1950ರಿಂದ 1 ಜುಲೈ 1987ರ ಒಳಗೆ ಭಾರತದಲ್ಲಿ ಹುಟ್ಟಿದವರು ಪೌರತ್ವ ಕಾಯ್ದೆಯ 3ನೇ ಕಲಂ ಪ್ರಕಾರ ಹುಟ್ಟಿನಿಂದಲೇ ಭಾರತೀಯರು. 2010ರಲ್ಲಿ ದೆಹಲಿ ಹೈಕೋರ್ಟ್ ಟಿಬೆಟಿಯನ್ ಯುವತಿಯೊಬ್ಬರ ಪ್ರಕರಣದಲ್ಲಿ ಇದನ್ನೇ ಹೇಳಿತು. ಅಂದರೆ ಅವರು ಹೊಸದಾಗಿ ಏನೂ ಬೇಡುತ್ತಿಲ್ಲ. ಅಮಾಲಾ ಹುಟ್ಟಿದ್ದು ಟಿಬೆಟ್‌ನಲ್ಲಿ, ಹಾಗಾಗಿ ಇದು ಅವರಿಗೆ ಅನ್ವಯಿಸುವುದಿಲ್ಲ. ಮಗ ಏನೇ ಮಾಡಿದರೂ ಅವರ ಪುಸ್ತಕ ಅವರ ಹತ್ತಿರವೇ ಇರುತ್ತದೆ.

ಇನ್ನು ಮರಳುವ ಹಕ್ಕು. ಅದು ಆರ್‌ಸಿಯಿಂದ ಬಂದದ್ದಲ್ಲ, ಇದನ್ನು ಅವರಿಗೆ ದಯವಿಟ್ಟು ಹೇಳಿ. 1948ರ ಮಾನವ ಹಕ್ಕುಗಳ ಘೋಷಣೆಯ 13ನೇ ವಿಧಿಯಲ್ಲಿ ಪ್ರತಿಯೊಬ್ಬರಿಗೂ ತಮ್ಮ ದೇಶಕ್ಕೆ ಮರಳುವ ಹಕ್ಕಿದೆ. ಜನಾಂಗ ತಾರತಮ್ಯದ ವಿರುದ್ಧದ ಅಂತರರಾಷ್ಟ್ರೀಯ ಒಪ್ಪಂದದ 5ನೇ ವಿಧಿಯಲ್ಲೂ ಅದೇ ಇದೆ. ಚೀನಾ 1981ರಲ್ಲೇ ಆ ಒಪ್ಪಂದಕ್ಕೆ ಸೇರಿದೆ.

"ತಮ್ಮ ದೇಶ" ಅಂದರೆ ಪಾಸ್‌ಪೋರ್ಟ್ ಕೊಟ್ಟ ದೇಶ ಮಾತ್ರ ಅಲ್ಲ. ಇನ್ನೊಂದು ಒಪ್ಪಂದದಲ್ಲಿರುವ ಇದೇ ಮಾತನ್ನು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1999ರಲ್ಲಿ ಬಿಡಿಸಿ ಹೇಳಿತು. ಒಬ್ಬರ ದೇಶ ಇನ್ನೊಂದು ದೇಶಕ್ಕೆ ಸೇರಿಹೋಗಿ, ಆ ಹೊಸ ದೇಶದ ಪೌರತ್ವ ಅವರಿಗೆ ಸಿಗದೇ ಇದ್ದರೆ, ಅಂಥವರೂ ಇದರಲ್ಲಿ ಬರುತ್ತಾರೆ. ನನ್ನ ಓದಿನಲ್ಲಿ ಅಮಾಲಾ ಹಕ್ಕಿಗೆ ಏನೂ ಆಗುವುದಿಲ್ಲ. ಮಗನದು ಸ್ವಲ್ಪ ಸಡಿಲ ಆಗಬಹುದು, ಯಾಕೆಂದರೆ ಅವರಿಗೆ ಇನ್ನೊಂದು ದೇಶ ಇದೆ. ಆದರೂ ಪಾಸ್‌ಪೋರ್ಟ್ ಬೇಡ ಅನ್ನಲು ಇಷ್ಟೇ ಕಾರಣ ಸಾಲದು.

ಶರಾವತಿ ಹಿನ್ನೀರು:

ವಕೀಲರೇ, ಹಕ್ಕು ಕಾಗದದಲ್ಲಿದ್ದರೆ ಸಾಕಾ? ನಮ್ಮಜ್ಜನ ಊರು 1964ರಲ್ಲಿ ಲಿಂಗನಮಕ್ಕಿ ನೀರಿನಲ್ಲಿ ಹೋಯಿತು. ಬೇಸಿಗೆಯಲ್ಲಿ ನೀರು ಇಳಿದರೆ ಹಳೆಯ ಮಡೆನೂರು ಅಣೆಕಟ್ಟು ಮೇಲೆ ಕಾಣುತ್ತದೆ. ಅಪ್ಪ ದಡದಲ್ಲಿ ನಿಂತು ನಮ್ಮ ಗದ್ದೆ ಎಲ್ಲಿತ್ತು ಅಂತ ಕೈ ತೋರಿಸುತ್ತಿದ್ದರು. ನಮಗೆ ಮರಳಲು ಊರೇ ಇಲ್ಲ. ಕೊಟ್ಟ ಜಾಗಕ್ಕೆ ಹಕ್ಕುಪತ್ರ ಕೇಳಿಕೊಂಡು ಇನ್ನೂ ಓಡಾಡುತ್ತಿದ್ದೇವೆ. ಅಮಾಲಾ ಊರು ನೆಲದ ಮೇಲೇ ಇದೆ. ಅದಕ್ಕೇ ಹೇಳುತ್ತೇನೆ, ಅವರು ಇರುವಾಗಲೇ ಎಲ್ಲ ಬರೆದಿಡಿ. ಊರಿನ ಹೆಸರು, ಮನೆ, ಹೊಲದ ಗಡಿ, ನೆರೆಯವರು. ನಮ್ಮಪ್ಪ ಕೈ ತೋರಿಸಿದ್ದನ್ನು ನಾವು ಬರೆದುಕೊಳ್ಳಲಿಲ್ಲ. ಈಗ ಕೇಳೋಣ ಅಂದರೆ ಅವರಿಲ್ಲ.

ಮೈಸೂರು ವಕೀಲೆ:

ಇದು ನನಗೆ ಹೊಳೆಯಲೇ ಇಲ್ಲ. ಖಂಡಿತ ಮಾಡಿ. ಮುಂದೆ ಯಾವತ್ತೋ ಕೇಳುವ ಕಾಲ ಬಂದರೆ ಇಂಥ ಹೇಳಿಕೆಗೇ ಬೆಲೆ. ದಿನಾಂಕ ಹಾಕಿ, ಅವರ ಸಹಿಯೂ ಇರಲಿ.

ಪಿರಿಯಾಪಟ್ಟಣದವನು:

ಇಬ್ಬರಿಗೂ ಧನ್ಯವಾದ. ನಿನ್ನೆ ಸಂಜೆ ಹೋಗಿದ್ದೆ. ಹಕ್ಕು ಈ ಪುಸ್ತಕದಿಂದ ಬಂದದ್ದಲ್ಲ ಅಂದಾಗ ಅಮಾಲಾ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ಮೊರದಲ್ಲಿದ್ದ ಹಿಟ್ಟನ್ನು ಅಂಗೈಯಿಂದ ಸಮ ಮಾಡಿ, ಬೆರಳಿನಲ್ಲಿ ಊರು ಬರೆದರು. ಹಳ್ಳ, ಹಳ್ಳದ ಆಚೆ ಬಾರ್ಲಿ ಹೊಲ, ಕಣ, ಮನೆ. ಮಗ ಅವರ ಲಿಪಿಯಲ್ಲಿ ಬರೆದುಕೊಂಡ, ನಾನು ಫೋನಿನಲ್ಲಿ ಚಿತ್ರ ತೆಗೆದೆ.

ನಾವು ಮುಗಿಯಿತು ಅಂದುಕೊಂಡಾಗ ಅವರು ಕಣವನ್ನು ಅಳಿಸಿದರು. ಅದು ಮನೆಯ ಹಿಂದೆ ಅಲ್ಲ, ಪಕ್ಕದಲ್ಲಿತ್ತು ಅಂತ ಮತ್ತೆ ಬರೆದರು. ಚಿತ್ರ ಇನ್ನೊಂದು ಸಲ ತೆಗೆಸಿದರು. ಪಾಸ್‌ಪೋರ್ಟ್ ಮಾತು ಇನ್ನೂ ಮುಗಿದಿಲ್ಲ. ಭಾನುವಾರ ಮತ್ತೆ ಬಾ, ನೆರೆಮನೆಯವರ ಹೆಸರು ಹೇಳುವುದು ಬಾಕಿ ಇದೆ ಅಂದಿದ್ದಾರೆ.